ಮೊದಲ ಗುಂಡು ಮಣ್ಣಿಗೆ

ಯಾವ ಬಂದೂಕೂ ತಾನಾಗಿ ನೆಟ್ಟಗೆ ಹೊಡೆಯುವುದಿಲ್ಲ. ಎಷ್ಟೇ ದುಬಾರಿಯದಾಗಲಿ, ಯಾವ ದೇಶದಿಂದಲೇ ಬಂದಿರಲಿ, ಯಾರಾದರೂ ಒಬ್ಬರು ಕೂತು ಹೊಡೆದು ನೋಡಿ, ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಹೊಡೆದು ನೋಡಿ, ಕಣ್ಣಿಟ್ಟು ಗುರಿ ನೋಡುವ ಅದರ ಸೈಟನ್ನು ಕೂರಿಸಿಕೊಡಬೇಕು. ಬಂದೂಕು ಹಿಡಿದವರಿಗೆಲ್ಲ ಇದು ಗೊತ್ತು. ಪದಕ ಹಾಕಿಕೊಂಡು ಫೋಟೋಗೆ ನಿಂತಾಗ ಮಾತ್ರ ಮರೆತುಹೋಗುತ್ತದೆ.

ಪನಮರಂನಿಂದ ವೆಳ್ಳಮುಂಡದ ಕಡೆಗೆ ಹೋಗುವ ದಾರಿಯಲ್ಲಿ, ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಯೊಳಗೆ ಒಂದು ರೈಫಲ್ ಕ್ಲಬ್ಬಿದೆ. ತಗಡಿನ ಚಾವಣಿ, ಎಂಟು ಮಂದಿ ಸಾಲಾಗಿ ನಿಂತು ಹೊಡೆಯುವ ಕಟ್ಟೆ, ಹತ್ತು ಮೀಟರ್ ಆಚೆ ಕಾಗದದ ಗುರಿಗಳನ್ನು ಸಿಕ್ಕಿಸುವ ಚೌಕಟ್ಟುಗಳು, ಅವುಗಳ ಹಿಂದೆ ಆಳೆತ್ತರದ ಮಣ್ಣಿನ ದಿಬ್ಬ. ಅಲ್ಲಿರುವ ಹನ್ನೆರಡು ಏರ್ ರೈಫಲ್ಲುಗಳಿಗೆ ಒಂಬತ್ತು ವರ್ಷದಿಂದ ಸೈಟು ಕೂರಿಸಿದವಳು ಶೈಲಜ. ಕ್ಲಬ್ಬಿನ ಪುಸ್ತಕದಲ್ಲಿ ಅವಳ ಕೆಲಸಕ್ಕೆ ಬೇರೆಯೇ ಹೆಸರಿದೆ. ಗುಡಿಸುವವಳು, ದಿನಗೂಲಿ.

ವಯಸ್ಸು ನಲವತ್ತಮೂರು. ಗಿಡ್ಡ ಆಳು, ಅಗಲ ಭುಜ. ಮುತ್ತಂಗದ ಕಾಡಿನೊಳಗಿನ ಹಾಡಿಯಲ್ಲಿ ಹುಟ್ಟಿದವಳು; ಮದುವೆಯಾದ ಮೇಲೆ ಕೂಲಿ ಹುಡುಕಿಕೊಂಡು ಈ ಕಡೆಗೆ ಬಂದವಳು. ಗಂಡ ವರ್ಷದಲ್ಲಿ ಏಳು ತಿಂಗಳು ಕರ್ನಾಟಕದ ಶುಂಠಿ ಹೊಲಗಳಲ್ಲಿರುತ್ತಾನೆ. ಮನೆಯಲ್ಲಿ ಅವಳು ಮತ್ತು ಅವಳ ತಾಯಿ ಕುಳ್ಳಿ. ಮನೆಯೊಳಗೆ ಕನ್ನಡದ್ದೇ ಒಂದು ಮಾತು, ಹೊರಗೆ ಮಲಯಾಳ. ಶಾಲೆಯಲ್ಲಿ ಐದನೇ ಕ್ಲಾಸು. ಆ ಶಾಲೆ ಅವಳಿಗೆ ಅಂಕಿ ಕಲಿಸಿತು. ಮಿಕ್ಕದ್ದನ್ನೆಲ್ಲ ಅಪ್ಪ ಕಲಿಸಿದ.

ಅಪ್ಪ ಕೆಂಚ ಜೇನು ಕೀಳುವವನು. ಮರದ ಪೊಟರೆಯೊಳಗೆ ಕೈ ಹಾಕಿ ಎರಿಯ ಮೊದಲ ತುಂಡನ್ನು ಕಿತ್ತರೆ, ಅದರಲ್ಲಿ ತುಪ್ಪ ಎಷ್ಟಿದೆ ಎಂದೂ ನೋಡದೆ ಕೆಳಗೆ ಎಸೆದುಬಿಡುತ್ತಿದ್ದ. ಗೆಣಸು ಅಗೆದರೂ ಮೊದಲನೆಯದು ತಿರುಗಿ ಮಣ್ಣಿಗೆ. ಶೈಲಜ ಏಳು ವರ್ಷದವಳಿದ್ದಾಗ ಒಂದು ಸಲ ಮರದ ಬುಡದಲ್ಲಿ ಡಬ್ಬ ಹಿಡಿದು ನಿಂತಿದ್ದಳು. ಮೊದಲ ತುಂಡು ಅವಳ ಕಾಲ ಹತ್ತಿರವೇ ಬಿತ್ತು. ಎತ್ತಿ ನೆಕ್ಕಿದಳು. ಕೆಂಚ ಇಳಿದು ಬಂದು ನೋಡಿದ, ಹೊಡೆಯಲಿಲ್ಲ, ಬೈಯಲಿಲ್ಲ. ತೊರೆಗೆ ಕರೆದುಕೊಂಡು ಹೋಗಿ ಬಾಯಿ ಮುಕ್ಕಳಿಸಿಸಿದ.

"ಮೊದಲುದು ನಮ್ದಲ್ಲ ಕೂಸೆ," ಅಂದ. "ಕೊಟ್ಟುಬುಟ್ಟಿವಿ. ಕೊಟ್ಟುದ್ದ ತಿರ್ಗಾ ನಮ್ದು ಅನ್ನಬಾರ್ದು. ಬಾಯ್ಲೂ ಅನ್ನಬಾರ್ದು."

ಕೆಂಚ ಸತ್ತು ಇಪ್ಪತ್ತು ವರ್ಷವಾಗಿದೆ. ಆ ಮಾತು ಈಗ ಅವಳ ಹೊಟ್ಟೆಯ ಮೇಲೆ ಹೊಡೆದಿದೆ. ಅದು ಹೇಗೆಂದು ಹೇಳಬೇಕು.

ಕ್ಲಬ್ಬಿನಲ್ಲಿ ಅವಳ ಮೊದಲ ಕೆಲಸ ಗುಡಿಸುವುದು ಮತ್ತು ಹೊಡೆದು ಮುಗಿದ ಕಾಗದಗಳನ್ನು ಚೌಕಟ್ಟಿನಿಂದ ತೆಗೆಯುವುದು. ದಿನಕ್ಕೆ ನೂರಾರು ಕಾಗದ. ಒಂದೊಂದರ ಮೇಲೂ ಬಟಾಣಿ ಕಾಳಿಗಿಂತ ಸಣ್ಣ ತೂತುಗಳು. ಬೇರೆಯವರಿಗೆ ಅದು ಕಸ. ಕಾಡಿನಲ್ಲಿ ಹೆಜ್ಜೆ ನೋಡಿ ಬೆಳೆದವಳಿಗೆ ಅದು ಹೆಜ್ಜೆ. ಯಾರ ಉಸಿರು ಏರುತ್ತದೆ, ಯಾರ ಬೆರಳು ಬಂದೂಕಿನ ಕುದುರೆಯನ್ನು ಒತ್ತುವ ಬದಲು ಎಳೆಯುತ್ತದೆ, ಯಾರು ಹಿಂದಿನ ದಿನ ಕುಡಿದಿದ್ದಾರೆ, ಎಲ್ಲವೂ ಆ ತೂತುಗಳಲ್ಲಿ ಇತ್ತು.

ಕ್ಲಬ್ಬು ಕಟ್ಟಿದ ಐದು ಮಂದಿಯಲ್ಲಿ ಶಾಂತರಾಜು ಒಬ್ಬ. ಪನಮರಂ ಪೇಟೆಯಲ್ಲಿ ಗೊಬ್ಬರ, ಬೀಜದ ಅಂಗಡಿ. ತಾತನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಬಂದು ಗದ್ದೆ ಮಾಡಿದ ಗೌಡರ ಮನೆ. ಆ ಕ್ವಾರಿಯೊಳಗೆ ಅವಳೊಡನೆ ಕನ್ನಡ ಆಡುತ್ತಿದ್ದವನು ಅವನೊಬ್ಬನೇ. ಒಂದು ದಿನ ಹದಿನೈದು ಗುಂಡು ಹೊಡೆದ, ಹದಿನೈದೂ ಎಡಕ್ಕೆ. ಕೈ ನಡುಗುತ್ತಿದೆ, ವಯಸ್ಸಾಯಿತು ಎಂದು ಗೊಣಗುತ್ತಾ ಕೂತ. ಕಾಗದ ತಂದುಕೊಟ್ಟ ಶೈಲಜ ಅಲ್ಲೇ ನಿಂತಳು.

"ಕೈ ಚೆಂದಾಗದೆ ಗೌಡ್ರೆ. ತೂತೆಲ್ಲ ಒಂದೇ ತಾವು ಒತ್ಕಂಡವೆ ನೋಡಿ. ಬಂದೂಕು ಎಡಕ್ಕೆ ನೋಡ್ತಾ ಅದೆ."

ಶಾಂತರಾಜು ನಕ್ಕು ರೈಫಲ್ಲನ್ನು ಅವಳ ಕೈಗೆ ಕೊಟ್ಟ. "ಹಂಗಾರೆ ನೀನೇ ಬಲಕ್ಕೆ ನೋಡ್ಸವ್ವ."

ಅವಳು ಅದನ್ನು ಎತ್ತಿ ಭುಜಕ್ಕೆ ಇಟ್ಟ ಬಗೆಯಲ್ಲೇ ಅವನ ನಗು ಅರ್ಧ ನಿಂತಿತು. ಮೊದಲ ಗುಂಡನ್ನು ಕಾಗದಕ್ಕೆ ಹೊಡೆಯಲಿಲ್ಲ. ಚೌಕಟ್ಟಿನ ಎಡಗಡೆ ಕೆಳಗೆ, ಮಣ್ಣಿನ ದಿಬ್ಬಕ್ಕೆ ಹೊಡೆದಳು.

"ಅದ್ಯಾಕವ್ವ ಗುಡ್ಡಕ್ಕೆ ಹೊಡ್ದೆ?"

"ಅದು ನಂದಲ್ಲ. ಇನ್ಮೇಲಿಂದ ನಂದು."

ಆಮೇಲಿನ ಐದು ಗುಂಡು ಒಂದರ ಮೇಲೊಂದು ಬಿದ್ದು ಕಾಗದದಲ್ಲಿ ಒಂದೇ ತೂತಾಯಿತು, ಎಡಕ್ಕೆ. ತಿರುಪನ್ನು ಎರಡು ಬಾರಿ ಟಕ್ ಎನ್ನಿಸಿ ಮತ್ತೆ ಹೊಡೆದಳು. ಕಪ್ಪು ವೃತ್ತದ ನಟ್ಟನಡುವೆ ಬಿತ್ತು. ಅಂದಿನಿಂದ ಅವನ ರೈಫಲ್ಲು, ತಿಂಗಳೊಳಗೆ ಹನ್ನೆರಡೂ ರೈಫಲ್ಲು ಅವಳ ಭುಜಕ್ಕೆ ಬಂದವು. ಪೊರಕೆ ಅವಳ ಕೈಯಿಂದ ಹೋಗಲಿಲ್ಲ.

ಮಣ್ಣಿಗೆ ಹೊಡೆದ ಆ ಗುಂಡಿಗೂ ಒಂದು ಕತೆಯಿದೆ. ನಳಿಗೆಯನ್ನು ಒರೆಸಿ ಶುಚಿ ಮಾಡಿದ ಮೇಲೆ ಏರ್ ರೈಫಲ್ಲಿನ ಮೊದಲ ಗುಂಡು ದಾರಿ ತಪ್ಪುವುದುಂಟು. ಸೀಸದ ಪಸೆ ಒಳಗೆ ಹತ್ತಿದ ಮೇಲೆ ಅದು ಸರಿಹೋಗುತ್ತದೆ. ಶಾಂತರಾಜು ಇದನ್ನು ಎಲ್ಲೋ ಓದಿಕೊಂಡು ಬಂದು ಮೆಂಬರುಗಳಿಗೆಲ್ಲ ವಿವರಿಸಿದ. ಶೈಲಜ ಮಾಡುವುದು ವಿಜ್ಞಾನವೇ ಹೊರತು ಮೌಢ್ಯವಲ್ಲ ಎಂದು ಸರ್ಟಿಫಿಕೇಟು ಕೊಟ್ಟ. ಅಲ್ಲಿಂದ ಮುಂದೆ ಅಲ್ಲಿ ರೈಫಲ್ಲು ಎತ್ತಿದವರೆಲ್ಲ ಮೊದಲ ಗುಂಡನ್ನು ದಿಬ್ಬಕ್ಕೆ ಹೊಡೆಯತೊಡಗಿದರು. "ಮಣ್ಣಿಗೆ ಕೊಟ್ಟಾಯ್ತಾ?" ಎಂಬುದು ಅಲ್ಲಿ ನಮಸ್ಕಾರದ ಹಾಗೆ ಆಯಿತು. ಡಾಕ್ಟರು, ವಕೀಲರು, ಎಸ್ಟೇಟಿನವರು, ಎಲ್ಲರೂ ಮಣ್ಣಿಗೆ ಕೊಟ್ಟರು. ಒಂಬತ್ತು ವರ್ಷದಲ್ಲಿ ಎಂಟು ಚೌಕಟ್ಟುಗಳ ಎಡಗಡೆ ದಿಬ್ಬದಲ್ಲಿ ಎಂಟು ಗುಳಿಗಳು ಬಿದ್ದವು. ಒಂದೊಂದೂ ತೆಂಗಿನ ಚಿಪ್ಪಿನಷ್ಟು, ಒಂದೇ ಎತ್ತರದಲ್ಲಿ.

ಆ ಗುಳಿಗಳನ್ನು ನೆನಪಿಟ್ಟುಕೊಳ್ಳಿ.

ಈಗ ಬೀಗದ ಕೈಯ ವಿಷಯ. ರೈಫಲ್ಲುಗಳಿರುವ ಕಬ್ಬಿಣದ ಬೀರುವಿನ ಕೈ ಇರುವುದು ಕ್ಲಬ್ಬಿನ ಕಾರ್ಯದರ್ಶಿ ಸುಧೀಷನ ಮನೆಯಲ್ಲಿ. ಶೈಲಜ ದಿನಾ ಬೆಳಿಗ್ಗೆ ಅವನ ಮನೆಗೆ ಹೋಗಬೇಕು. ಬಾಗಿಲು ತೆರೆಯುವುದಿಲ್ಲ, ಕಿಟಕಿಯ ಸರಳಿನ ನಡುವಿನಿಂದ ಒಂದು ಕೈ ಹೊರಗೆ ಬಂದು ಬೀಗದ ಕೈ ಕೊಡುತ್ತದೆ. ಸಂಜೆ ಅದೇ ಕಿಟಕಿಗೆ ವಾಪಸ್ಸು. ಒಂಬತ್ತು ವರ್ಷ. ಮಳೆಯಲ್ಲಿ ನಿಂತಿದ್ದಾಗಲೂ ಆ ಕಿಟಕಿ ಕಿಟಕಿಯಾಗಿಯೇ ಇತ್ತು.

ಈ ವರ್ಷ ಕ್ಲಬ್ಬು ಒಬ್ಬ ರೇಂಜ್ ಕೀಪರನ್ನು, ಅಂದರೆ ಗುರಿ ಹೊಡೆಯುವ ಜಾಗ ನೋಡಿಕೊಳ್ಳುವವರನ್ನು, ನೇಮಿಸಲು ಹೊರಟಿತು. ತಿಂಗಳ ಸಂಬಳ, ರಿಜಿಸ್ಟರಿನಲ್ಲಿ ಹೆಸರು, ಬೀರುವಿನ ಕೈ ಕೀಪರನ ಬಳಿಯೇ ಇರುವುದು. ಷರತ್ತು ಒಂದೇ. ಕ್ಲಬ್ಬು ನಡೆಸುವ ಜಿಲ್ಲಾಮಟ್ಟದ ಸ್ಪರ್ಧೆಯಲ್ಲಿ ನಲವತ್ತು ಗುಂಡಿಗೆ ನಾನೂರರಲ್ಲಿ ಕನಿಷ್ಠ ಮುನ್ನೂರ ನಲವತ್ತು ಅಂಕದ ಕಾರ್ಡು ಇರಬೇಕು. ಷರತ್ತು ಓದಿ ಮುಗಿಸಿದಾಗ ಎಲ್ಲರೂ ಶೈಲಜಳ ಕಡೆ ನೋಡಿ ನಕ್ಕರಂತೆ. ಒಳ್ಳೆಯ ನಗುವೇ.

"ಈ ಕೆಲ್ಸ ನಿಂದೇ ಅನ್ಕೊ," ಅಂದ ಶಾಂತರಾಜು. "ಮುನ್ನೂರ ನಲ್ವತ್ತಾ? ನೀನು ಪೊರಕೇಲಿ ಹೊಡುದ್ರೂ ಬತ್ತದೆ."

ಸುಧೀಷ್ ಮಾತ್ರ ನಗಲಿಲ್ಲ. ಅವನ ಜೀಪಿನ ಡ್ರೈವರ್ ಷಿಬು ಕೂಡ ಅರ್ಜಿ ಹಾಕಿದ್ದಾನೆ ಎಂದು ಶೈಲಜಳಿಗೆ ಗೊತ್ತಾದದ್ದು ಷಿಬುವಿನಿಂದಲೇ. "ಚೇಚಿ, ಎಂಟನೇ ನಂಬರಿನ ರೈಫಲ್ಲಿಗೆ ಸ್ವಲ್ಪ ಸೈಟು ನೋಡಿಕೊಡಿ, ಸ್ಪರ್ಧೆಯಲ್ಲಿ ನಾನು ಅದನ್ನೇ ಹಿಡಿಯುವುದು," ಎಂದು ಅವನು ಬಂದು, ಅಕ್ಕನನ್ನು ಕೇಳುವಂತೆ ಕೇಳಿದ. ನೋಡಿಕೊಟ್ಟಳು. ಚೆನ್ನಾಗಿಯೇ ನೋಡಿಕೊಟ್ಟಳು. ಕೆಟ್ಟದಾಗಿ ನೋಡುವುದು ಅವಳ ಕೈಗೆ ಬರುವುದಿಲ್ಲ.

ಸ್ಪರ್ಧೆಗೆ ಹೊರಡುವ ಬೆಳಿಗ್ಗೆ ಕುಳ್ಳಿ ಗಂಜಿ ಬಡಿಸುತ್ತಾ ಕೇಳಿದಳು, "ಗೆದ್ರೆ ಏನ ಕೊಟ್ಟಾರು?"

"ಬೀಗದ ಕೈ."

"ಅಷ್ಟಕ್ಕೇ ನಾಕು ದಿನ್ದಿಂದ ನಿದ್ದೆ ಮಾಡ್ನಿಲ್ವಾ? ನಮ್ಮನೇಲಿ ಬೀಗ ಹಾಕಾಕೆ ಬಾಗ್ಲೇ ನೆಟ್ಟಗಿಲ್ಲ."

"ನಮ್ಮನೆದಲ್ಲ ಅವ್ವ. ಅವ್ರುದು."

"ಅವ್ರ ಬೀಗದ ಕೈಯ ನಿನ್ಗೆ ಕೊಟ್ಟಾರಾ?" ಕುಳ್ಳಿ ಗಂಜಿಯ ಸೌಟನ್ನು ಕೆಳಗಿಟ್ಟಳು. "ಕೊಟ್ಟಾಗ ಹೇಳು, ನೋಡಾಕೆ ಬತ್ತಿನಿ."

ಈ ತಿಂಗಳ ಮೊದಲ ಭಾನುವಾರ. ಮೂವತ್ತೆರಡು ಮಂದಿ ಸ್ಪರ್ಧಿಗಳು, ಎಂಟೆಂಟರಂತೆ ನಾಲ್ಕು ತಂಡ. ನೋಡುವವರಿಗೆ ಅರವತ್ತು ಪ್ಲಾಸ್ಟಿಕ್ ಕುರ್ಚಿ, ಅರವತ್ತೂ ಭರ್ತಿ. ಮುತ್ತಂಗದ ಚೆಕ್‌ಪೋಸ್ಟು ದಾಟಿ ಗುಂಡ್ಲುಪೇಟೆ ಕಡೆಯಿಂದ, ಬಾವಲಿ ದಾಟಿ ಹೆಗ್ಗಡದೇವನಕೋಟೆ ಕಡೆಯಿಂದ ಬಂದವರೇ ಹತ್ತಿಪ್ಪತ್ತು ಮಂದಿ. ಎಲ್ಲರೂ ಆ ರೇಂಜಿನಲ್ಲಿ ಒಂದಲ್ಲ ಒಂದು ಸಲ ಹೊಡೆದವರು. ತೀರ್ಪು ಕೊಡಲು ಕೋಯಿಕ್ಕೋಡಿನಿಂದ ಭಾಸ್ಕರನ್ ಎಂಬ ಹಿರಿಯರು ಬಂದಿದ್ದರು. ಅವರೊಬ್ಬರಿಗೆ ಈ ರೇಂಜು ಹೊಸದು.

ಉದ್ಘಾಟಕರು ಒಂದು ಗಂಟೆ ಇಪ್ಪತ್ತು ನಿಮಿಷ ತಡವಾಗಿ ಬಂದರು. ಬಂದವರು ಗುರಿ ಇಟ್ಟು ಬದುಕಬೇಕು ಎಂದು ಮುಕ್ಕಾಲು ಗಂಟೆ ಭಾಷಣ ಮಾಡಿದರು. ಆ ಹೊತ್ತೆಲ್ಲ ಬೇರೆ ಯಾರ ಕಿಸೆಯಿಂದಲೂ ಬರಲಿಲ್ಲ. ಶೈಲಜಳ ಕಿಸೆಯಿಂದ ಬಂತು.

ನಿಯಮದ ಪ್ರಕಾರ ಪ್ರತಿ ತಂಡಕ್ಕೂ ಸ್ಪರ್ಧೆಗೆ ಮೊದಲು ಹತ್ತು ನಿಮಿಷ ಸಿಗಬೇಕು. ಆಗ ಹೊಡೆದ ಗುಂಡು ಲೆಕ್ಕಕ್ಕಿಲ್ಲ. ರೈಫಲ್ಲಿನ ನಡತೆ ನೋಡಿಕೊಳ್ಳಲು ಇರುವ ಹೊತ್ತು ಅದು. ಮಣ್ಣಿಗೆ ಕೊಡುವವರು ಕೊಡುವುದೂ ಆಗಲೇ. ಮೊದಲ ಮೂರು ತಂಡಕ್ಕೆ ಆ ಹತ್ತು ನಿಮಿಷ ಸಿಕ್ಕಿತು. ಭಾಸ್ಕರನ್ ಆಗ ಅಂಕದ ಮೇಜಿನಲ್ಲಿ ಹಿಂದಿನ ಕಾಗದಗಳ ಮೇಲೆ ಭೂತಗನ್ನಡಿ ಹಿಡಿದು ಕೂತಿದ್ದರಿಂದ ಯಾರು ಮಣ್ಣಿಗೆ ಹೊಡೆದರೆಂದು ನೋಡಲಿಲ್ಲ. ನಾಲ್ಕನೇ ತಂಡದ ಹೊತ್ತಿಗೆ ಸಂಜೆ ನಾಲ್ಕೂವರೆ.

"ಕೊನೇ ತಂಡಕ್ಕೆ ಹತ್ತು ನಿಮಿಷ ಬೇಡ ಸಾರ್," ಎಂದು ಸುಧೀಷ್ ಭಾಸ್ಕರನ್ನರಿಗೆ ಹೇಳಿದ. "ಎಲ್ಲರೂ ಬೆಳಿಗ್ಗೆಯೇ ಬಂದು ಅಭ್ಯಾಸ ಮಾಡಿಕೊಂಡವರು."

ಎಂಟರಲ್ಲಿ ಏಳು ಮಂದಿಯ ಮಟ್ಟಿಗೆ ಅದು ನಿಜ. ಎಂಟನೆಯವಳು ಬೆಳಿಗ್ಗೆಯಿಂದ ಕಾಗದ ಸಿಕ್ಕಿಸುತ್ತಿದ್ದಳು, ಚಹಾ ಲೋಟ ಎತ್ತುತ್ತಿದ್ದಳು, ಉದ್ಘಾಟಕರ ಕಾಲಿಗೆ ಕೆಸರಾಗದಂತೆ ಹಲಗೆ ಹಾಸುತ್ತಿದ್ದಳು. ಅವಳಿಗೆ ಕೊಟ್ಟದ್ದು ಹನ್ನೊಂದನೇ ನಂಬರಿನ ರೈಫಲ್ಲು. ಹಿಡಿ ಬಿರುಕು ಬಿಟ್ಟು ಟೇಪು ಸುತ್ತಿದ್ದು. ಮಧ್ಯಾಹ್ನ ಯಾರೋ ಗೊಣಗಿದರೆಂದು ಅದರ ನಳಿಗೆಯನ್ನು ಅವಳೇ ಒರೆಸಿಟ್ಟಿದ್ದಳು. ಒರೆಸಿದ ಮೇಲೆ ಅದರಿಂದ ಒಂದು ಗುಂಡೂ ಹೋಗಿರಲಿಲ್ಲ.

ಹತ್ತು ನಿಮಿಷ ಇಲ್ಲ ಎಂದು ಅವಳಿಗೆ ಗೊತ್ತಾದದ್ದು ಕಟ್ಟೆಯ ಮೇಲೆ ನಿಂತ ಮೇಲೆ. "ಲೋಡ್," ಎಂಬ ಕೂಗು ಬಂತು. "ಸ್ಟಾರ್ಟ್," ಎಂಬ ಕೂಗು ಬಂತು. ಅಕ್ಕಪಕ್ಕದ ಏಳು ರೈಫಲ್ಲುಗಳು ಠಪ್ ಠಪ್ ಎಂದವು. ಅವಳು ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು. ಈಗ ಹೊಡೆಯುವುದು ಲೆಕ್ಕದ ಗುಂಡು. ಅದನ್ನು ತನ್ನದೆಂದು ಕಾಗದಕ್ಕೆ ಹೊಡೆಯಬಹುದು. ಶುಚಿಯಾದ ನಳಿಗೆ ಅದನ್ನು ಎಲ್ಲಿಗೆ ಒಯ್ಯುತ್ತದೋ ಹೇಳಲಾಗದು. ಕೊಟ್ಟರೆ ಹತ್ತು ಅಂಕ ಹೋಯಿತು. ಮಿಕ್ಕ ಮೂವತ್ತೊಂಬತ್ತರಲ್ಲಿ ಮುನ್ನೂರ ನಲವತ್ತು ಮಾಡಬೇಕು. ಐದನೇ ಕ್ಲಾಸಿನ ಲೆಕ್ಕ ಅದು. ಮಾಡಬಲ್ಲೆ ಅನ್ನಿಸಿತು.

ಅವಳು ನಿಂತದ್ದು ಎಂಟನೇ ಚೌಕಟ್ಟಿನೆದುರು; ಅದರ ಎಡಗಡೆಯ ಗುಳಿಗೆ ಹೊಡೆದಳು. ಮಣ್ಣು ಪುಸ್ ಅಂದಿತು.

ಆಮೇಲೆ ಅವಳು ಹೊಡೆದದ್ದನ್ನು ನೋಡಿದವರು ಈಗಲೂ ಗುಟ್ಟಾಗಿ ಹೇಳುತ್ತಾರೆ. ಬಿರುಕು ಬಿಟ್ಟ ರೈಫಲ್ಲು, ನಿಂತು ನಿಂತು ದಣಿದ ಕಾಲು. ನಿಧಾನ. ಉಸಿರು ಬಿಟ್ಟು, ತಡೆದು, ಒಂದು. ಬಾಗಿ ಗುಂಡು ತುಂಬಿ ಮತ್ತೆ ಒಂದು. ಪಕ್ಕದವರು ಮುಗಿಸಿ ಕುರ್ಚಿಗೆ ಹೋಗಿ ಕೂತರೂ ಅವಳ ಠಪ್ ಮಾತ್ರ ಒಂದೇ ಹದದಲ್ಲಿ ಬರುತ್ತಲೇ ಇತ್ತು. ಮೂವತ್ತೊಂಬತ್ತು ಗುಂಡು, ಮುನ್ನೂರ ಐವತ್ತೆಂಟು ಅಂಕ. ಒಂದು ಸೊನ್ನೆ ಹೊತ್ತುಕೊಂಡೇ ಆ ದಿನದ ಮೂರನೆಯ ಸ್ಥಾನ. ಷಿಬು ಮೊದಲೇ ಮುನ್ನೂರ ನಲವತ್ತೆರಡು ಮಾಡಿ ಕೂತಿದ್ದ.

ಭಾಸ್ಕರನ್ ಕಾರ್ಡಿಗೆ ಸಹಿ ಹಾಕಲು ಪೆನ್ನು ತೆಗೆದಿದ್ದರು. ಆಗ ಸುಧೀಷ್ ಎದ್ದ.

"ಸಾರ್, ಒಂದು ದೂರಿದೆ. ಎಂಟನೇ ಚೌಕಟ್ಟಿನವರು ಮೊದಲ ಗುಂಡನ್ನು ಗುರಿಯ ಕಡೆಗೇ ಹೊಡೆದಿಲ್ಲ. ಬೇಕೆಂದೇ ದಿಬ್ಬಕ್ಕೆ ಹೊಡೆದರು. ಇದು ಸುರಕ್ಷತೆಯ ಉಲ್ಲಂಘನೆ. ನಿಯಮ ಹದಿನಾಲ್ಕು."

ನಿಯಮದ ಪುಸ್ತಕ ಅವನ ಕೈಯಲ್ಲೇ ಇತ್ತು. ಬೆರಳು ಆಗಲೇ ಆ ಪುಟದಲ್ಲಿತ್ತು. ಗುರಿ ತಪ್ಪಿದರೆ ಸೊನ್ನೆ, ಅಷ್ಟೇ. ಬೇಕೆಂದೇ ಬೇರೆಡೆಗೆ ಹೊಡೆದರೆ ಸ್ಪರ್ಧೆಯಿಂದ ಹೊರಗೆ.

ಭಾಸ್ಕರನ್ ಶೈಲಜಳನ್ನು ಮೇಜಿನ ಬಳಿಗೆ ಕರೆದರು. ಗದರಲಿಲ್ಲ. "ಗುರಿ ಇಟ್ಟದ್ದು ತಪ್ಪಿತೋ, ಬೇಕೆಂದೇ ಹೊಡೆದಿರೋ? ಯೋಚಿಸಿ ಹೇಳಿ."

ಅವರು ಬಾಗಿಲು ತೆರೆದಿಟ್ಟೇ ಕೇಳಿದ್ದರು. ತಪ್ಪಿತು ಎಂಬ ಒಂದು ಮಾತು ಸಾಕಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಶಾಂತರಾಜು ಬಗ್ಗಿ, ಬೇರೆಯವರಿಗೆ ತಿಳಿಯದ ಹಾಗೆ ಕನ್ನಡದಲ್ಲಿ ಹೇಳಿದ: "ತಪ್ಪೋಯ್ತು ಅನ್ನವ್ವ. ಒಂದ್ಮಾತು. ಮುಗ್ದೋಯ್ತದೆ."

ಶೈಲಜ ದಿಬ್ಬದ ಕಡೆ ನೋಡಿದಳು. ತಪ್ಪಿತು ಅಂದರೆ ಆ ಗುಂಡು ತನ್ನದಾಗಿತ್ತು, ಕಾಗದಕ್ಕೆ ಹೋಗಬೇಕಿತ್ತು, ಹೋಗಲಿಲ್ಲ ಎಂದಂತೆ. ಕೊಟ್ಟದ್ದನ್ನು ಬಾಯಲ್ಲಿ ತಿರುಗಿ ತೆಗೆದುಕೊಂಡಂತೆ. ನಾಲಿಗೆಯ ಮೇಲೆ ಏಳು ವರ್ಷದವಳ ಜೇನಿನ ರುಚಿ ಬಂತೆಂದು ಅವಳು ಆಮೇಲೆ ತಾಯಿಗೆ ಹೇಳಿದಳು.

"ತಪ್ಪಲಿಲ್ಲ ಸಾರ್," ಅಂದಳು. "ಮಣ್ಣಿಗೆ ಕೊಟ್ಟೆ. ಇಲ್ಲಿ ಎಲ್ಲರೂ ಕೊಡುವುದೇ. ಅಲ್ಲಿ ಗುಳಿ ನೋಡಿ."

ಭಾಸ್ಕರನ್ ಕನ್ನಡಕ ಸರಿಮಾಡಿಕೊಂಡು ದಿಬ್ಬದ ಕಡೆ ನೋಡಿದರು. "ಅದೇನು ಗುಳಿಗಳು?"

"ಹೆಗ್ಗಣ ಸಾರ್," ಅಂದ ಸುಧೀಷ್.

ಎಂಟು ಹೆಗ್ಗಣ. ಎಂಟು ಚೌಕಟ್ಟಿಗೆ ಎಂಟು, ದಾರ ಹಿಡಿದು ಅಳೆದಂತೆ ಒಂದೇ ಎತ್ತರದಲ್ಲಿ ಕೊರೆದ, ಶಿಸ್ತಿನ ಹೆಗ್ಗಣ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ ಎಂದರು.

"ನಿಮ್ಮ ಕಾಡಿನ ಪೂಜೆಯನ್ನೆಲ್ಲ ಇಲ್ಲಿಗೆ ತಂದರೆ ಹೇಗೆ ಶೈಲಜೇ?" ಎಂದ ಸುಧೀಷ್, ಆ ನಗುವಿನಿಂದ ಧೈರ್ಯ ಬಂದವನಂತೆ. ಅವನೇ ಅಂದು ಬೆಳಿಗ್ಗೆ ಎರಡನೇ ತಂಡದಲ್ಲಿ ನಿಂತು, ಹತ್ತು ನಿಮಿಷದ ಹೊತ್ತಿನಲ್ಲಿ ಮೊದಲ ಗುಂಡನ್ನು ಮೂರನೇ ಗುಳಿಗೆ ಹೊಡೆದಿದ್ದ. ಅವಳು ನೋಡಿದ್ದಳು.

ಭಾಸ್ಕರನ್ನರಿಗೆ ಏನೋ ಸರಿಯಿಲ್ಲವೆಂದು ಅನ್ನಿಸಿತು. ಅವರು ಎದ್ದುನಿಂತು ಕುರ್ಚಿಗಳ ಕಡೆ ತಿರುಗಿ ಕೇಳಿದರು. "ಮೊದಲ ಗುಂಡನ್ನು ಮಣ್ಣಿಗೆ ಹೊಡೆಯುವುದು ಈ ರೇಂಜಿನ ರೂಢಿ ಎಂದು ಇವರು ಹೇಳುತ್ತಿದ್ದಾರೆ. ರೂಢಿಯಾಗಿದ್ದರೆ ಅದು ಆಡಳಿತ ಮಂಡಳಿಯ ತಪ್ಪು, ಸ್ಪರ್ಧಿಯದಲ್ಲ. ಹೌದು ಎನ್ನುವವರು ಯಾರಾದರೂ ಇದ್ದೀರಾ?"

ಅರವತ್ತು ಕುರ್ಚಿ. ಒಬ್ಬರು ಮೊಬೈಲು ನೋಡಿದರು. ಒಬ್ಬರು ಮಗುವಿನ ಚಪ್ಪಲಿ ಸರಿಮಾಡಿದರು. ಒಬ್ಬರು ಚಹಾ ಲೋಟದ ತಳ ನೋಡಿದರು, ಆ ಲೋಟ ತೊಳೆದವಳು ಎದುರಿಗೇ ನಿಂತಿದ್ದಳು. ಶಾಂತರಾಜು ನೆಲ ನೋಡಿದ. ಒಂದು ನಿಮಿಷದ ಹಿಂದೆ ಅವಳ ಬಾಯಿಂದ ಒಂದು ಸುಳ್ಳು ಹೇಳಿಸಲು ಬಗ್ಗಿದ್ದ ಮನುಷ್ಯನಿಗೆ ತನ್ನ ಬಾಯಿಂದ ಒಂದು ನಿಜ ಹೇಳಲು ಏಳುವುದು ಆಗಲಿಲ್ಲ.

ಭಾಸ್ಕರನ್ ಕುರ್ಚಿಗಳ ಕಡೆಯಿಂದ ಮೇಜಿಗೆ ತಿರುಗಿದರು. ಆಮೇಲೆ ಕಾರ್ಡಿನ ಮೇಲೆ ಕೆಂಪು ಗೆರೆ ಎಳೆದರು. ಎಳೆದು, ಅದರ ಹಿಂಬದಿಯಲ್ಲಿ ಏನೋ ಬರೆದು, ಒಂದು ನಕಲನ್ನು ಅವಳ ಕೈಗೇ ಕೊಟ್ಟರು. ಅಲ್ಲಿ ಹಾಜರಿದ್ದ ಇಬ್ಬರು ಮೂವತ್ತು ದಿನದೊಳಗೆ ಇದು ಈ ರೇಂಜಿನ ರೂಢಿ ಎಂದು ಲಿಖಿತವಾಗಿ ಸಹಿ ಮಾಡಿ ಕೊಟ್ಟರೆ ಅಂಕವನ್ನು ತಿರುಗಿ ಎತ್ತಿಹಿಡಿಯಲಾಗುವುದು. ಅಲ್ಲಿಯವರೆಗೆ ಫಲಿತಾಂಶ ಅಂತಿಮವಲ್ಲ. ಕೆಳಗೆ ತಾರೀಖು, ಅವರ ಸಹಿ.

"ಇಬ್ಬರು ಸಾಕು," ಅಂದರು. ಆ ಮಾತನ್ನು ಕುರ್ಚಿಗಳಿಗೆ ಕೇಳುವಂತೆಯೇ ಅಂದರು.

ಮರುದಿನ ಬೆಳಿಗ್ಗೆ ಶೈಲಜ ರೂಢಿಯಂತೆ ಆ ಕಿಟಕಿಯ ಮುಂದೆ ನಿಂತಳು. ಕೈ ಹೊರಗೆ ಬರಲಿಲ್ಲ. "ಕೀ ಷಿಬುವಿನ ಹತ್ತಿರ ಇದೆ," ಎಂದು ಒಳಗಿಂದ ದನಿ ಬಂತು. ಫಲಿತಾಂಶ ಅಂತಿಮವಾಗುವ ತನಕ ತಾತ್ಕಾಲಿಕವಾಗಿ ಅಂತೆ. ಕ್ಲಬ್ಬಿಗೆ ಹೋದರೆ ಷಿಬು ಪ್ಯಾಂಟು ಮಡಚಿ ದಿಬ್ಬದ ಬಳಿ ಬಗ್ಗಿದ್ದ. ಎಂಟು ಗುಳಿಗಳಿಗೂ ಹಸಿಮಣ್ಣು ಮೆತ್ತಿ ಕೈಯಿಂದ ಸವರುತ್ತಿದ್ದ. ಅವಳನ್ನು ಕಂಡು ತಲೆ ತಗ್ಗಿಸಿದ.

"ಹೇಳಿದ್ದು ಮಾಡುತ್ತಿದ್ದೇನೆ ಚೇಚಿ."

"ಮಾಡು," ಅಂದಳು. "ಒಳಗಡೆ ಸೀಸ ಇದೆ, ಕೈ ಕೊಯ್ದುಕೊಳ್ಳಬೇಡ."

ಹೊತ್ತೇರಿದ ಮೇಲೆ ಸುಧೀಷ್ ಬಂದ. ರಾಜ್ಯಮಟ್ಟದ ಸ್ಪರ್ಧೆ ಹತ್ತಿರವಿದೆ, ಹನ್ನೆರಡೂ ರೈಫಲ್ಲಿಗೆ ಸೈಟು ಕೂರಿಸಿಕೊಡಬೇಕು ಅಂದ. ನಿನ್ನೆಯದು ನಿಯಮದ ವಿಷಯ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದೂ ಅಂದ. ಅವಳು ಷಿಬುವಿನಿಂದ ಬೀರು ತೆಗೆಸಿದಳು. ಮೊದಲ ರೈಫಲ್ಲನ್ನು ಎತ್ತಿ, ಹೊಸ ಮಣ್ಣು ಮೆತ್ತಿದ ಜಾಗಕ್ಕೆ ಒಂದು ಗುಂಡು ಹೊಡೆದಳು. ಕೆಳಗಿಟ್ಟಳು. ಎರಡನೆಯದು, ಒಂದು ಗುಂಡು. ಮೂರನೆಯದು. ಹನ್ನೆರಡು ರೈಫಲ್ಲು, ಹನ್ನೆರಡು ಗುಂಡು. ಹಸಿಮಣ್ಣಿನಲ್ಲಿ ಹನ್ನೆರಡು ತೂತು. ಸೆರಗಿಗೆ ಕೈ ಒರೆಸಿಕೊಂಡಳು.

"ಕೊಡಬೇಕಾದ್ದು ಕೊಟ್ಟಾಯಿತು ಸಾರ್. ಉಳಿದದ್ದು ಕೀಪರನ ಕೆಲಸ."

ಸೈಟಿನ ತಿರುಪುಗಳನ್ನು ಅವಳು ಮುಟ್ಟಲಿಲ್ಲ. ಕೆಡಿಸಲೂ ಇಲ್ಲ, ಕೂರಿಸಲೂ ಇಲ್ಲ. ಅಂದಿನಿಂದ ಕ್ಲಬ್ಬಿನ ದಿನಗೂಲಿಯೂ ಇಲ್ಲ. ಈಗ ವೆಳ್ಳಮುಂಡದ ಬಳಿ ಒಂದು ಕಾಫಿ ತೋಟದಲ್ಲಿ ಕಳೆ ಕೀಳುತ್ತಾಳೆ.

ಹದಿನಾರನೇ ದಿನ ಶಾಂತರಾಜು ಆ ತೋಟದ ಬೇಲಿಯ ಬಳಿ ಸ್ಕೂಟರು ನಿಲ್ಲಿಸಿ ಅವಳನ್ನು ಕರೆದ. ಅವಳು ಕತ್ತಿ ಹಿಡಿದೇ ಬಂದು ಬೇಲಿಯ ಈಚೆ ನಿಂತಳು.

"ಬೇಜಾರ್ ಮಾಡ್ಕಬೇಡ ಶೈಲಜ. ನಾವೆಲ್ಲ ಹಂಗೇ ಮಾಡ್ತಿದ್ದೊ ಅಂತ ಬರ್ಕೊಟ್ರೆ ರೇಂಜಿನ ಮಾನ್ಯತೆನೇ ಹೋಯ್ತದೆ ಅಂತಾರೆ. ಇಪ್ಪತ್ತು ವರ್ಸ ಕಟ್ಟಿದ್ದು ಕನವ್ವ."

"ಕಟ್ಟಿದ್ದು ಯಾರ ಕಣ್ಣಲ್ಲಿ ಗೌಡ್ರೆ?"

ಶಾಂತರಾಜು ಸ್ಕೂಟರಿನ ಹ್ಯಾಂಡಲ್ಲು ಒರೆಸಿದ. "ಬೇರೆ ಯಾರಾರ ಒಬ್ರು ಮೊದ್ಲು ಹಾಕ್ಲಿ. ಎರಡ್ನೇ ಸಹಿ ನಂದು. ಆಣೆ."

"ಮೊದಲುದು ನಿಮ್ದಲ್ಲ ಹಂಗಾರೆ," ಅಂದಳು ಅವಳು. ನಗಲಿಲ್ಲ. "ನಿಮ್ಮ ಬಂದೂಕು ತಿರ್ಗಾ ಎಡಕ್ಕೆ ನೋಡ್ತಾ ಅದೆ. ಆವತ್ತು ಸೋಮಾರ ನಾನು ಮಣ್ಗೆ ಹೊಡ್ದಾಗ ಕಂಡೆ. ಯಾರ ಕೈಲಾರ ತೋರ್ಸಿ."

ಅವಳು ತಿರುಗಿ ಕಳೆಯ ಸಾಲಿಗೆ ಹೋದಳು. ಮನೆಯಲ್ಲಿ ಆ ಕಾರ್ಡಿನ ನಕಲು ಗೋಡೆಯ ಮೊಳೆಗೆ ಸಿಕ್ಕಿಸಿದೆ. ಮುಂಬದಿಯಲ್ಲಿ ಮುನ್ನೂರ ಐವತ್ತೆಂಟು, ಅದರ ಮೇಲೆ ಕೆಂಪು ಗೆರೆ. ಹಿಂಬದಿಯಲ್ಲಿ ಭಾಸ್ಕರನ್ನರ ಬರಹ, ಅದರ ಕೆಳಗೆ ಇಬ್ಬರ ಸಹಿಗೆ ಬಿಟ್ಟ ಖಾಲಿ ಜಾಗ. ಕುಳ್ಳಿಗೆ ಓದಲು ಬರುವುದಿಲ್ಲ. ದಿನಾ ಸಂಜೆ ಅದನ್ನು ತಿರುಗಿಸಿ ನೋಡಿ, "ಇನ್ನೂ ಬಂದಿಲ್ವಾ?" ಎಂದು ಕೇಳುತ್ತಾಳೆ. ಖಾಲಿ ಜಾಗ ಖಾಲಿ ಇದೆ ಎಂದು ತಿಳಿಯಲು ಓದು ಬೇಕಿಲ್ಲ.

ಮೂವತ್ತರಲ್ಲಿ ಹತ್ತೊಂಬತ್ತು ದಿನ ಹೋಯಿತು. ಹನ್ನೊಂದು ಉಳಿದಿದೆ. ಆ ಭಾನುವಾರ ಚೆಕ್‌ಪೋಸ್ಟು ದಾಟಿ ಹೋಗಿ ಕೂತವರಲ್ಲಿ ಈ ಪತ್ರಿಕೆ ಓದುವವರು ಎಷ್ಟೋ ಮಂದಿ ಇದ್ದಾರೆ. ನೀವು ಅವಳು ಕೊಟ್ಟ ಚಹಾ ಕುಡಿದಿದ್ದೀರಿ. ಅವಳು ಕೂರಿಸಿದ ಸೈಟಿನಲ್ಲಿ ಕಣ್ಣಿಟ್ಟು ಹೊಡೆದಿದ್ದೀರಿ. ಆ ದಿಬ್ಬಕ್ಕೆ ನಿಮ್ಮ ಕೈಯಿಂದಲೇ ಗುಂಡು ಕೊಟ್ಟಿದ್ದೀರಿ. ನಂಬಿಕೆ ಇಲ್ಲವಾದರೆ ಹಸಿಮಣ್ಣು ಕೆದಕಿ ನೋಡಿ, ನಿಮ್ಮ ಒಂಬತ್ತು ವರ್ಷದ ಸೀಸ ಬೊಗಸೆಗಟ್ಟಲೆ ಸಿಗುತ್ತದೆ. ಎರಡನೆಯವರಾಗಲು ಎಲ್ಲರೂ ತಯಾರಿದ್ದಾರೆ. ನೀವು ಮೊದಲನೆಯವರಾಗಿ. ಒಂದು ಬಿಳಿ ಹಾಳೆ ತೆಗೆದುಕೊಳ್ಳಿ, ಕಂಡದ್ದನ್ನು ಕಂಡಂತೆ ಬರೆಯಿರಿ, ಕೆಳಗೆ ನಿಮ್ಮ ಹೆಸರು ಹಾಕಿ ಸಹಿ ಮಾಡಿ. ಇವತ್ತೇ ಭಾಸ್ಕರನ್ನರಿಗೆ ಕಳಿಸಿ.